ಹಳೇ ಕಬ್ಬು ಯಾಕೆ ಬೆಲ್ಲ ಕಟ್ಟುವುದಿಲ್ಲ?

ಪಾಂಡವಪುರದ ಕಡೆಯ ನಮ್ಮೂರ ಆಲೆಮನೆಯಲ್ಲಿ ಒಂದು ಬೇಸಿಗೆಯಲ್ಲಿ ಚಿಕ್ಕಪ್ಪನ ಒಂದಿಡೀ ಕೊಪ್ಪರಿಗೆ ಪಾಕ ಹಾಳಾಯಿತು. ಕಬ್ಬು ಕಡಿದ ಮಾರನೇ ದಿನವೇ ಟ್ರಾಕ್ಟರ್ ಕೆಟ್ಟು ನಿಂತಿತ್ತು. ರಿಪೇರಿಯಾಗಿ ಬರುವಷ್ಟರಲ್ಲಿ ಐದು ದಿನ ಕಳೆದಿತ್ತು, ಕಬ್ಬು ಅಷ್ಟೂ ದಿನ ಬದುವಿನ ಮೇಲೆ ಬಿಸಿಲಿಗೆ ಬಿದ್ದಿತ್ತು. ಗಾಣಕ್ಕೆ ಕೊಟ್ಟಾಗ ಹಾಲು ಬಂತು. ಲೋಟಕ್ಕೆ ಹಿಡಿದು ಕುಡಿದೆವು, ಸಿಹಿಗೇನೂ ಕೊರತೆಯಿರಲಿಲ್ಲ.

ಪಾಕದ ಹದ ನೋಡುವವರು ಒಂದು ಹನಿಯನ್ನು ತಣ್ಣೀರಿನ ಬಟ್ಟಲಿಗೆ ಬಿಟ್ಟು ಬೆರಳಲ್ಲಿ ಉರುಳಿಸಿದರು. ಹದ ಬಂದಿದ್ದರೆ ಅದು ಗೋಲಿಯಂತಾಗಿ, ಬಟ್ಟಲಿನ ಅಂಚಿಗೆ ಬಡಿದಾಗ ‘ಟಣ್’ ಅನ್ನಬೇಕು. ಇದು ಬೆರಳಿಗೆ ಮೆತ್ತಿಕೊಂಡು ಎಳೆ ಎಳೆಯಾಗಿ ಬಂತು. ಇನ್ನಷ್ಟು ಕಾಯಿಸಿದರು, ಬಣ್ಣ ಕಪ್ಪಾಯಿತೇ ಹೊರತು ಹದ ಬರಲಿಲ್ಲ. “ಕಟ್ಟಾಕಿಲ್ಲ ಕಣಣ್ಣ, ಕಬ್ಬು ಹಳೇದಾಗೋಗದೆ” ಎಂದು ಚಿಕ್ಕಪ್ಪನಿಗೆ ಹೇಳಿ ಸೌಟು ಕೆಳಗಿಟ್ಟರು.

ನಾನು ಮೈಸೂರಿನಲ್ಲಿ ಡಿಗ್ರಿ ಮಕ್ಕಳಿಗೆ ಜೀವರಸಾಯನಶಾಸ್ತ್ರ ಹೇಳಿಕೊಡುತ್ತೇನೆ. ಆ ವರ್ಷದಿಂದ ಕಿಣ್ವಗಳ ಪಾಠವನ್ನು ಈ ಕೊಪ್ಪರಿಗೆಯಿಂದಲೇ ಶುರು ಮಾಡುತ್ತಿದ್ದೇನೆ. ಹಾಲು ಸಿಹಿಯಾಗಿದೆ, ಆದರೂ ಬೆಲ್ಲ ಕಟ್ಟುತ್ತಿಲ್ಲ. ಹಾಗಾದರೆ ಸಕ್ಕರೆ ಎಲ್ಲಿ ಹೋಯಿತು?

ಎಲ್ಲಿಗೂ ಹೋಗಿಲ್ಲ, ಒಡೆದಿದೆ. ಕಬ್ಬಿನ ಸಕ್ಕರೆಯ ಹೆಸರು ಸುಕ್ರೋಸ್. ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂಬ ಎರಡು ಚಿಕ್ಕ ಸಕ್ಕರೆಗಳು ಕೈ ಹಿಡಿದುಕೊಂಡರೆ ಒಂದು ಸುಕ್ರೋಸ್. ಆ ಕೊಂಡಿಗೆ ಒಂದು ನೀರಿನ ಅಣು ಸೇರಿದರೆ ಎರಡೂ ಬೇರೆಯಾಗುತ್ತವೆ. ಅಣುತೂಕದ ಲೆಕ್ಕದಲ್ಲಿ 342 ಭಾಗ ಸುಕ್ರೋಸ್‌ಗೆ 18 ಭಾಗ ನೀರು ಬೇಕು. ಅಂದರೆ 19 ಕಿಲೋ ಸುಕ್ರೋಸ್ 1 ಕಿಲೋ ನೀರನ್ನು ಸೇರಿಸಿಕೊಂಡು 20 ಕಿಲೋ ಒಡೆದ ಸಕ್ಕರೆಯಾಗುತ್ತದೆ. ತೂಕ ಹೆಚ್ಚುತ್ತದೆ. ಫ್ರಕ್ಟೋಸ್ ಸುಕ್ರೋಸ್‌ಗಿಂತ ಸಿಹಿಯಾದ್ದರಿಂದ ನಾಲಿಗೆಗೂ ನಷ್ಟ ಗೊತ್ತಾಗುವುದಿಲ್ಲ. ಆದರೆ ಬೆಲ್ಲ ಗಟ್ಟಿಯಾಗುವುದು ಸುಕ್ರೋಸ್ ಹರಳುಗಟ್ಟುವುದರಿಂದ. ನಡುವೆ ಈ ಎರಡು ಸಕ್ಕರೆಗಳು ತುಂಬಿಕೊಂಡರೆ ಹರಳು ಕೂಡುವುದಿಲ್ಲ. ಫ್ರಕ್ಟೋಸ್‌ಗೆ ಗಾಳಿಯ ತೇವವನ್ನು ಹೀರುವ ಗುಣ ಬೇರೆ. ಮಳೆಗಾಲದಲ್ಲಿ ಕೆಲವು ಅಚ್ಚು ಬೆಲ್ಲ ಡಬ್ಬಿಯೊಳಗೇ ಬೆವರಿ ನೀರೊಡೆಯುವುದಕ್ಕೂ ಇದು ಒಂದು ಕಾರಣ.

ಸುಕ್ರೋಸ್ ತಾನಾಗಿ ಒಡೆಯುವ ಪೈಕಿಯಲ್ಲ. ಶುದ್ಧ ನೀರಿನಲ್ಲಿ ಕರಗಿಸಿ ಇಟ್ಟರೆ ಅದರ ಅರ್ಧ ಒಡೆಯಲು ನೂರಾರು ವರ್ಷ ಬೇಕು. ಅದನ್ನು ದಿನಗಳಲ್ಲಿ ಮುಗಿಸುವುದು ಕಬ್ಬಿನೊಳಗೇ ಇರುವ ಇನ್ವರ್ಟೇಸ್ ಎಂಬ ಕಿಣ್ವ. ಕಿಣ್ವ ಎಂದರೆ ಬಹುಪಾಲು ಪ್ರೋಟೀನು. ಅಮೈನೋ ಆಮ್ಲಗಳೆಂಬ ಮಣಿಗಳನ್ನು ಸಾಲಾಗಿ ಪೋಣಿಸಿ, ಆ ಸರವನ್ನು ಒಂದು ನಿಶ್ಚಿತ ಆಕಾರಕ್ಕೆ ಮಡಚಿದರೆ ಪ್ರೋಟೀನು. ಇನ್ವರ್ಟೇಸ್‌ನಲ್ಲಿ ಇಂಥ ಮಣಿಗಳು 500ಕ್ಕೂ ಹೆಚ್ಚು. ಮಡಿಕೆಯ ನಡುವೆ ಸುಕ್ರೋಸ್ ಸರಿಯಾಗಿ ಕೂರುವಂಥ ಒಂದು ಗುಳಿಯಿದೆ. ಅಲ್ಲಿ ಎದುರುಬದುರು ನಿಂತ ಎರಡು ಆಮ್ಲೀಯ ಮಣಿಗಳು ಕೊಂಡಿಯನ್ನು ಸಡಿಲಿಸಿ ನೀರನ್ನು ಒಳಗೆ ಬಿಡುತ್ತವೆ. ಒಡೆದ ಸಕ್ಕರೆ ಆಚೆ ಹೋದ ಮೇಲೆ ಗುಳಿ ಮೊದಲಿನಂತೆ ಖಾಲಿ. ಕಿಣ್ವ ಸವೆಯುವುದಿಲ್ಲ, ಮುಂದಿನ ಸುಕ್ರೋಸ್‌ಗೆ ಕಾಯುತ್ತದೆ.

ಚಿಕ್ಕಪ್ಪನ ಬೆಲ್ಲ ಕೆಡಿಸಿದ ಈ ಕಿಣ್ವವೇ ಜೀವರಸಾಯನಶಾಸ್ತ್ರಕ್ಕೆ ಗಣಿತ ಕಲಿಸಿದ್ದು ಎನ್ನುವುದು ನನಗೆ ಇವತ್ತಿಗೂ ಪುಳಕ ಕೊಡುವ ಸಂಗತಿ. 1913ರಲ್ಲಿ ಬರ್ಲಿನ್‌ನಲ್ಲಿ ಲಿಯೊನೋರ್ ಮಿಖಾಯಲಿಸ್ ಮತ್ತು ಕೆನಡಾದಿಂದ ಬಂದಿದ್ದ ವೈದ್ಯೆ ಮಾಡ್ ಮೆಂಟೆನ್ ಯೀಸ್ಟಿನಿಂದ ತೆಗೆದ ಇನ್ವರ್ಟೇಸ್ ಇಟ್ಟುಕೊಂಡು ಅದರ ವೇಗ ಅಳೆದರು. ಅಳೆಯಲು ಬಳಸಿದ್ದು ಬೆಳಕನ್ನು. ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಸುಕ್ರೋಸ್ ದ್ರಾವಣದ ಮೂಲಕ ಹಾಯಿಸಿದರೆ ಆ ಕಂಪನದ ದಿಕ್ಕು ಬಲಕ್ಕೆ ತಿರುಗುತ್ತದೆ. ಸುಕ್ರೋಸ್ ಒಡೆದ ಮೇಲೆ ಎಡಕ್ಕೆ ತಿರುಗುತ್ತದೆ. ಬಲ ಎಡವಾಗಿ ತಲೆಕೆಳಗಾಗುವುದರಿಂದಲೇ ಇನ್ವರ್ಟೇಸ್ ಎಂಬ ಹೆಸರು. ಸಕ್ಕರೆ ಕಾರ್ಖಾನೆಗಳ ಪ್ರಯೋಗಾಲಯದಲ್ಲಿ ರಸದ ಸುಕ್ರೋಸ್ ಅಂಶ ತಿಳಿಯಲು ಇಂದಿಗೂ ಇದೇ ತತ್ವದ ಯಂತ್ರ ಬಳಸುತ್ತಾರೆ.

ಅವರು ಕಂಡದ್ದು ಇಷ್ಟು. ಸುಕ್ರೋಸ್ ಹೆಚ್ಚಿಸುತ್ತ ಹೋದಂತೆ ಒಡೆಯುವ ವೇಗವೂ ಹೆಚ್ಚುತ್ತದೆ, ಆದರೆ ಒಂದು ಮಟ್ಟದವರೆಗೆ ಮಾತ್ರ. ಕಟಾವಿನ ಕಾಲದಲ್ಲಿ ಕಾರ್ಖಾನೆಯ ಮುಂದೆ ನಿಲ್ಲುವ ಎತ್ತಿನಗಾಡಿಗಳ ಸಾಲನ್ನು ನೆನೆಸಿಕೊಳ್ಳಿ. ಗಾಡಿ ಒಂದೆರಡೇ ಇದ್ದಾಗ ಯಂತ್ರ ಕಬ್ಬಿಗೆ ಕಾಯುತ್ತದೆ. ಇನ್ನೆರಡು ಗಾಡಿ ಬಂದರೆ ಅರೆಯುವುದೂ ಹೆಚ್ಚುತ್ತದೆ. ಯಂತ್ರಕ್ಕೆ ಬಿಡುವೇ ಇಲ್ಲವೆಂದಾದ ಮೇಲೆ ನೂರು ಗಾಡಿ ಬರಲಿ, ಇನ್ನೂರು ಬರಲಿ, ಸಾಲು ಉದ್ದವಾಗುತ್ತದೆಯೇ ಹೊರತು ಅರೆಯುವುದು ಅಷ್ಟೇ. ಕಿಣ್ವದ ಗುಳಿಗಳೂ ಹೀಗೆಯೇ ತುಂಬಿಹೋಗುತ್ತವೆ. ಗರಿಷ್ಠ ವೇಗದ ಅರ್ಧ ತಲುಪಲು ಎಷ್ಟು ಸಕ್ಕರೆ ಬೇಕು ಎಂಬ ಅಂಕಿಯನ್ನು ಮಿಖಾಯಲಿಸ್ ಸ್ಥಿರಾಂಕ ಎನ್ನುತ್ತಾರೆ. ಇವತ್ತು ಔಷಧಿ ಕಂಡುಹಿಡಿಯುವವರಿಗೂ ಅದಿಲ್ಲದೆ ದಿನ ಸಾಗದು. ಮತ್ತೆ ಆ ಗಾಡಿಗಳ ಸಾಲಿನಲ್ಲಿ ಬಿಸಿಲು ಕಾಯುತ್ತಿರುವ ಪ್ರತಿ ಜಲ್ಲೆಯೊಳಗೂ ಇದೇ ಕಿಣ್ವ ಕೆಲಸ ಮಾಡುತ್ತಿರುತ್ತದೆ. ಈ ಹೋಲಿಕೆ ಹೇಳುವಾಗಲೆಲ್ಲ ರೈತರ ಮನೆಯ ಮಕ್ಕಳ ಮುಖ ಬದಲಾಗುವುದನ್ನು ನೋಡಿದ್ದೇನೆ.

ಬೆಲ್ಲ ಕೆಡಿಸುವ ಇಂಥದ್ದನ್ನು ಕಬ್ಬು ಯಾಕೆ ಇಟ್ಟುಕೊಂಡಿದೆ? ಕಬ್ಬು ತಿನ್ನುವ ಯಾರಿಗಾದರೂ ಉತ್ತರ ಅರ್ಧ ಗೊತ್ತು. ಬುಡ ಸಿಹಿ, ತುದಿ ಸಪ್ಪೆ. ಸೋಗೆಯ ಕೆಳಗಿನ ಎಳೆ ಗಿಣ್ಣುಗಳು ಇನ್ನೂ ಬೆಳೆಯುತ್ತಿರುತ್ತವೆ. ಬೆಳೆಯಲು ಶಕ್ತಿ ಬೇಕು, ಅದಕ್ಕೆ ಸುಕ್ರೋಸ್ ಒಡೆಯಬೇಕು. ಹಾಗಾಗಿ ಅಲ್ಲಿ ಇನ್ವರ್ಟೇಸ್ ಜೋರು. ಬಲಿತ ಬುಡದಲ್ಲಿ ಅದು ತಗ್ಗಿರುವುದರಿಂದ ಸಕ್ಕರೆ ಕೂಡಿಕೊಳ್ಳುತ್ತದೆ.

ಸೋಜಿಗವೆಂದರೆ ತುದಿಯ ಜೀವಕೋಶದಲ್ಲೂ ಬುಡದ ಜೀವಕೋಶದಲ್ಲೂ ಇರುವ ಡಿಎನ್‌ಎ ಒಂದೇ. ಇನ್ವರ್ಟೇಸ್ ಮಾಡುವ ಬರಹ ಎರಡು ಕಡೆಯೂ ಇದೆ. ಡಿಎನ್‌ಎ ಎಂದರೆ ಕಚೇರಿಯ ದೊಡ್ಡ ಲೆಡ್ಜರು, ಅದು ಕೋಶಕೇಂದ್ರ ಬಿಟ್ಟು ಹೊರಗೆ ಬರುವುದಿಲ್ಲ. ಯಾವ ಪ್ರೋಟೀನು ಬೇಕೋ ಅಷ್ಟರ ನಕಲು ಆರ್‌ಎನ್‌ಎ ಚೀಟಿಯಾಗಿ ಆಚೆ ಬರುತ್ತದೆ. ಜೀವಕೋಶದೊಳಗೆ ಪ್ರೋಟೀನು ಕಟ್ಟುವ ಯಂತ್ರವಾದ ರೈಬೋಸೋಮ್ ಆ ಚೀಟಿಯನ್ನು ಮೂರು ಮೂರು ಅಕ್ಷರವಾಗಿ ಓದಿ, ಪ್ರತಿ ಮೂರಕ್ಕೆ ಒಂದು ಅಮೈನೋ ಆಮ್ಲದ ಮಣಿ ಪೋಣಿಸುತ್ತದೆ. ಈ ಬರಹದಲ್ಲಿರುವುದು ನಾಲ್ಕೇ ಅಕ್ಷರ, ಅವುಗಳಿಂದ ಮೂರಕ್ಷರದ ಪದಗಳು 64 ಆಗುತ್ತವೆ. ಅವುಗಳಲ್ಲಿ 61 ಪದಗಳು 20 ಬಗೆಯ ಮಣಿಗಳನ್ನು ಕರೆಯುತ್ತವೆ, ಉಳಿದ ಮೂರು ‘ಇಲ್ಲಿಗೆ ನಿಲ್ಲಿಸು’ ಎನ್ನುತ್ತವೆ. ಕಾರ್ಖಾನೆಯ ಕಟಾವು ಚೀಟಿಗೆ ಅವಧಿ ಇರುವಂತೆ ಈ ಚೀಟಿಯ ಆಯಸ್ಸೂ ಚಿಕ್ಕದು, ಸ್ವಲ್ಪ ಹೊತ್ತಿಗೆ ಹರಿದುಹೋಗುತ್ತದೆ. ಎಲ್ಲಿ ಎಷ್ಟು ಚೀಟಿ ಬರೆಯಬೇಕು ಎಂಬ ತೀರ್ಮಾನದಲ್ಲಿದೆ ಬುಡಕ್ಕೂ ತುದಿಗೂ ಇರುವ ಅಂತರ.

ಕಬ್ಬಿನ ಲೆಡ್ಜರು ಮಾತ್ರ ಬಲು ತೊಡಕಿನದು. ನಮ್ಮ ಕಡೆ ಹೆಸರಾದ ಸಿಒ 62175 ತಳಿಯ ‘ಸಿಒ’ ಅಂದರೆ ಕೊಯಮತ್ತೂರು. ಅಲ್ಲಿನ ಕಬ್ಬು ತಳಿ ಸಂಸ್ಥೆ 1912ರಲ್ಲಿ ಶುರುವಾಯಿತು. ಸಿಹಿ ಕಬ್ಬಿಗೆ ಕಾಡು ಕಬ್ಬನ್ನು ಬೆರಕೆ ಮಾಡಿದ ಅಲ್ಲಿನ ಸಿಒ 205 ತಳಿ 1918ರಲ್ಲಿ ಬೆಳೆಗಾರರಿಗೆ ಸಿಕ್ಕಿತು. ಇಂಥ ಬೆರಕೆಗಳಿಂದಾಗಿ ಇಂದಿನ ಕಬ್ಬಿನಲ್ಲಿ ವರ್ಣತಂತುಗಳು, ಅಂದರೆ ಈ ಲೆಡ್ಜರಿನ ಸಂಪುಟಗಳು, ನೂರರ ಮೇಲೆ. ಮನುಷ್ಯನಲ್ಲಿ ಒಂದು ಜೀನ್, ಅಂದರೆ ಒಂದು ಪ್ರೋಟೀನಿನ ಬರಹ, ಸಾಮಾನ್ಯವಾಗಿ ಎರಡು ಪ್ರತಿಯಲ್ಲಿದ್ದರೆ ಕಬ್ಬಿನಲ್ಲಿ ಎಂಟು, ಹತ್ತು ಪ್ರತಿಗಳು. ಇನ್ವರ್ಟೇಸ್ ಒಂದನ್ನು ತಗ್ಗಿಸಿದ ತಳಿ ತೆಗೆಯುವುದು ಹೇಳಿದಷ್ಟು ಸುಲಭವಾಗದಿರಲು ಇದೂ ಕಾರಣ.

ಕಡಿದ ಕಬ್ಬು ಕೂಡಲೇ ಸಾಯುವುದಿಲ್ಲ. ಉಸಿರಾಡುತ್ತಿರುತ್ತದೆ, ನೀರು ಕಳೆದುಕೊಳ್ಳುತ್ತದೆ, ಒಳಗಿನ ಇನ್ವರ್ಟೇಸ್ ದಿನದಿನಕ್ಕೆ ಚುರುಕಾಗುತ್ತದೆ. ಬಿಸಿಲು ಅದನ್ನು ಇನ್ನಷ್ಟು ಕೆರಳಿಸುತ್ತದೆ. ಕಡಿದ ಬಾಯಿಯಿಂದ ಬ್ಯಾಕ್ಟೀರಿಯಾಗಳೂ ಹೊಕ್ಕು ಸಕ್ಕರೆಯನ್ನು ಲೋಳೆ ಮಾಡುತ್ತವೆ. ಕೊಪ್ಪರಿಗೆ ಕಾದು ಹಾಲು ಕುದಿಯುವ ಮುಂಚೆಯೇ ಕಿಣ್ವದ ಮಡಿಕೆ ಬಿಚ್ಚಿ, ಬೆಂದ ಮೊಟ್ಟೆಯ ಬಿಳಿಯಂತೆ ಕೆಲಸಕ್ಕೆ ಬಾರದಾಗುತ್ತದೆ. ಆದರೆ ಅಷ್ಟು ಹೊತ್ತಿಗೆ ಒಡೆದ ಸಕ್ಕರೆ ಮತ್ತೆ ಕೂಡುವುದಿಲ್ಲ. ಚಿಕ್ಕಪ್ಪನವರು ಎಷ್ಟು ಸೌದೆ ಉರಿಸಿದ್ದರೂ ಹದ ಬರುತ್ತಿರಲಿಲ್ಲ.

ಕಿಣ್ವ ಹೋದ ಮೇಲೂ ಒಂದು ಕಾಟ ಉಳಿದಿರುತ್ತದೆ. ಕಬ್ಬಿನ ಹಾಲು ತುಸು ಹುಳಿ, ಪಿಎಚ್ 5ರ ಆಸುಪಾಸು. ಬಿಸಿಯಲ್ಲಿ ಆಮ್ಲವೂ ಸುಕ್ರೋಸ್ ಒಡೆಯಬಲ್ಲದು. ಕೊಪ್ಪರಿಗೆಗೆ ಸುಣ್ಣದ ತಿಳಿ ಹಾಕುವುದು ಈ ಹುಳಿ ತಗ್ಗಿಸಲು. ಬೆಂಡೆಗಿಡದ ಲೋಳೆ ಹಾಕುವುದರ ಕೆಲಸ ಬೇರೆ. ಅದು ಕಸವನ್ನೆಲ್ಲ ಮಡ್ಡಿಯಾಗಿ ಮೇಲೆತ್ತುತ್ತದೆ.

ಈಗ ಚಿಕ್ಕಪ್ಪ ಆಲೆಮನೆಯ ಸರದಿ ಗೊತ್ತಾಗುವವರೆಗೆ ಮಚ್ಚು ಹಿಡಿಯುವುದಿಲ್ಲ. ಗಾಣ ಒಂದು ದಿನಕ್ಕೆ ಎಷ್ಟು ಅರೆಯುತ್ತದೋ ಅಷ್ಟೇ ಕಡಿಸುತ್ತಾರೆ. ತುದಿಯ ಎಳೆ ಗಿಣ್ಣುಗಳನ್ನು ಸೋಗೆಯ ಜೊತೆಗೇ ತರಿದು ದನಕ್ಕೆ ಹಾಕಿಸುತ್ತಾರೆ. ರಾತ್ರಿ ಉಳಿಯುವ ಹೊರೆಯನ್ನು ಮರದ ನೆರಳಿಗೆ ಹಾಕಿ, ಮೇಲೆ ತರಗು ಹೊದಿಸಿ, ನೀರು ಚಿಮುಕಿಸಿ ಮಲಗಲು ಹೋಗುತ್ತಾರೆ.