ಕಾಲಿನ ಅಪಧಮನಿಯಲ್ಲಿ ಸುಣ್ಣ: ಯಾವ ಪದರ, ಯಾರಿಗೆ, ಏಕೆ

ಕಾಲಿನ ಅಪಧಮನಿ ಸುಣ್ಣಗಟ್ಟಲು, ಅಂದರೆ ಅದರ ಗೋಡೆಯಲ್ಲಿ ಕ್ಯಾಲ್ಸಿಯಂ ಖನಿಜ ಕೂರಲು, ಕಾರಣವಾಗುವ ಅಪಾಯಾಂಶಗಳನ್ನು ಬರೆಯಿರಿ ಎಂದು ಪರೀಕ್ಷೆಯಲ್ಲಿ ಕೇಳಿದರೆ ವಯಸ್ಸು, ಸಕ್ಕರೆ ಕಾಯಿಲೆ, ಬಿ.ಪಿ., ಧೂಮಪಾನ, ಕೊಲೆಸ್ಟ್ರಾಲ್, ಕಿಡ್ನಿ ಎಂದು ಒಂದೇ ಉಸಿರಿನಲ್ಲಿ ಬರೆದುಬಿಡುತ್ತೇವೆ. ಪಟ್ಟಿ ತಪ್ಪಲ್ಲ. ಆದರೆ ಅದರಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಬೆರೆತುಹೋಗಿವೆ. ಸುಣ್ಣ ಕೂತಿರುವುದು ನಾಳದ ಯಾವ ಪದರದಲ್ಲಿ ಎಂದು ಮೊದಲು ಕೇಳಿಕೊಂಡರೆ ಪಟ್ಟಿ ತಾನಾಗಿಯೇ ಎರಡು ಭಾಗವಾಗುತ್ತದೆ, ಬಾಯಿಪಾಠವೂ ಬೇಕಾಗುವುದಿಲ್ಲ.

ಒಳಪದರ, ಅಂದರೆ ಇಂಟಿಮಾ. ಇಲ್ಲಿ ಸುಣ್ಣ ಕೂರುವುದು ಪ್ಲಾಕ್ ಎಂಬ ಕೊಬ್ಬಿನ ಗಡ್ಡೆಯ ಒಳಗೆ. ಪ್ಲಾಕ್ ರಕ್ತ ಹರಿಯುವ ದಾರಿಗೇ ಉಬ್ಬಿಕೊಳ್ಳುವುದರಿಂದ ನಾಳ ಕಿರಿದಾಗುತ್ತದೆ. ಸ್ವಲ್ಪ ದೂರ ನಡೆದೊಡನೆ ಮೀನಖಂಡ ಹಿಡಿದುಕೊಳ್ಳುವುದು, ನಿಂತರೆ ಸರಿಹೋಗುವುದು ಇದರಿಂದಲೇ. ಎಕ್ಸ್-ರೇಯಲ್ಲಿ ಅಲ್ಲೊಂದು ಇಲ್ಲೊಂದು ಒರಟು ಚುಕ್ಕೆ ಕಾಣುತ್ತದೆ.

ಮಧ್ಯಪದರ, ಅಂದರೆ ಮೀಡಿಯಾ. ಇಲ್ಲಿ ನಯಸ್ನಾಯು ಕೋಶಗಳೂ ಎಲಾಸ್ಟಿನ್ ಎಳೆಗಳೂ ಇವೆ. ಸುಣ್ಣ ಆ ಎಳೆಗಳ ಉದ್ದಕ್ಕೂ ಸುತ್ತುವರಿದು ಕೂರುತ್ತದೆ. ದಾರಿ ಅಷ್ಟಾಗಿ ಕಿರಿದಾಗದೆ ಇರಬಹುದು, ಆದರೆ ನಾಳ ಪಿವಿಸಿ ಪೈಪಿನ ಹಾಗೆ ಗಡುಸಾಗುತ್ತದೆ. ಎಕ್ಸ್-ರೇಯಲ್ಲಿ ರೈಲು ಹಳಿಯಂತೆ ಎರಡು ಸಮಾನಾಂತರ ಬಿಳಿ ಗೆರೆ. 1903ರಲ್ಲಿ ಇದನ್ನು ವಿವರಿಸಿದ ಜರ್ಮನ್ ರೋಗಶಾಸ್ತ್ರಜ್ಞ ಮೊಂಕೆಬೆರ್ಗ್ ಹೆಸರಿನಲ್ಲೇ ಇದನ್ನು ಇಂದಿಗೂ ಕರೆಯುತ್ತಾರೆ. ಒಂದೇ ಕಾಲಿನಲ್ಲಿ ಎರಡೂ ಬಗೆ ಜೊತೆಯಾಗಿರುವುದು ಸಾಮಾನ್ಯ. ಎಕ್ಸ್-ರೇ ನೋಡಿ ಯಾವಾಗಲೂ ಖಚಿತವಾಗಿ ಬೇರ್ಪಡಿಸಲು ಆಗುವುದಿಲ್ಲ.

ಈಗ ಪಟ್ಟಿಗೆ ಬರೋಣ. ಧೂಮಪಾನ, ಹೆಚ್ಚಿದ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್), ಬಿ.ಪಿ. ಮುಖ್ಯವಾಗಿ ಒಳಪದರದವು. ಬೀಡಿ-ಸಿಗರೇಟಿನ ಹೊಡೆತ ಹೊಟ್ಟೆಯ ಕೆಳಭಾಗದ ಇಲಿಯಾಕ್ ಮತ್ತು ತೊಡೆಯ ಫೀಮೊರಲ್ ನಾಳಗಳ ಮೇಲೆ ಜೋರು. ಸಕ್ಕರೆ ಕಾಯಿಲೆ ಮತ್ತು ಕಿಡ್ನಿ ವೈಫಲ್ಯದ ಹೊಡೆತ ಮೊಣಕಾಲಿನ ಕೆಳಗಿನ ಟಿಬಿಯಲ್ ನಾಳಗಳಲ್ಲಿ ಮತ್ತು ಪಾದದಲ್ಲಿ ಎದ್ದು ಕಾಣುತ್ತದೆ, ಅಲ್ಲಿ ಮಧ್ಯಪದರದ್ದೇ ದೊಡ್ಡ ಪಾಲು. ವಯಸ್ಸು ಎರಡಕ್ಕೂ ಸೇರಿದ್ದು, ಗಂಡಸರಲ್ಲಿ ಹೆಚ್ಚು. ಬೀಡಿ ಸೇದುವ ಮೂವತ್ತರ ಯುವಕನ ಕಾಲ್ಬೆರಳು ಕಪ್ಪಾಗಿದ್ದು, ನಾಳದಲ್ಲಿ ಸುಣ್ಣವೇ ಇಲ್ಲದಿದ್ದರೆ ಬರ್ಗರ್ ಕಾಯಿಲೆಯನ್ನು, ಅಂದರೆ ತಂಬಾಕಿನ ಜೊತೆ ಬರುವ ನಾಳದ ಉರಿಯೂತವನ್ನು, ನೆನಪಿಸಿಕೊಳ್ಳಿ. ಅದು ಬೇರೆಯೇ ಅಧ್ಯಾಯ.

ಗೀಸರ್ ಹೋಲಿಕೆಯನ್ನು ಬಿಟ್ಟುಬಿಡಿ

ಬೋರ್‌ವೆಲ್ ನೀರಿಗೆ ಗೀಸರಿನ ಕಾಯಿಲ್ ಮೇಲೆ ಬಿಳಿ ಪದರ ಕೂರುವಂತೆ ನಾಳದಲ್ಲೂ ಸುಣ್ಣ ಕೂರುತ್ತದೆ ಎಂಬ ವಿವರಣೆ ತರಗತಿಗಳಲ್ಲಿ ಬಹಳ ಓಡಾಡುತ್ತದೆ. ಕೇಳಲು ಚೆನ್ನ, ಆದರೆ ದಾರಿ ತಪ್ಪಿಸುತ್ತದೆ. ನಾಳದಲ್ಲಿ ಸುಣ್ಣ ತಾನಾಗಿ ಬಂದು ಕೂರುವುದಿಲ್ಲ, ಕೋಶಗಳೇ ಅದನ್ನು ಕಟ್ಟುತ್ತವೆ. ನಾಳದ ನಯಸ್ನಾಯು ಕೋಶ ತನ್ನ ಕೆಲಸ ಬಿಟ್ಟು ಮೂಳೆ ಕಟ್ಟುವ ಕೋಶದಂತೆ ವರ್ತಿಸತೊಡಗುತ್ತದೆ. ರಕ್ತದಲ್ಲಿ ಫಾಸ್ಫೇಟ್ ಹೆಚ್ಚಾದಾಗ ಅದು ಪಿಟ್-1 ಎಂಬ ವಾಹಕದ ಮೂಲಕ ಕೋಶದ ಒಳಗೆ ನುಗ್ಗುತ್ತದೆ. ಮೂಳೆಕೋಶದ ಗುರುತಾದ ರನ್ಎಕ್ಸ್2 ಎಂಬ ಜೀನ್ ಎಚ್ಚರಗೊಳ್ಳುತ್ತದೆ. ಕೋಶ ಹೊರಹಾಕುವ ಪುಟ್ಟ ಚೀಲಗಳಲ್ಲಿ ಹೈಡ್ರಾಕ್ಸಿಅಪಟೈಟ್ ಎಂಬ ಕ್ಯಾಲ್ಸಿಯಂ-ಫಾಸ್ಫೇಟ್ ಖನಿಜ ಹರಳುಗಟ್ಟುತ್ತದೆ. ಹಲ್ಲು, ಮೂಳೆಗಳಲ್ಲಿರುವ ಖನಿಜವೂ ಇದೇ ಬಗೆಯದು.

ಹಾಗಾದರೆ ಎಲ್ಲರ ನಾಳವೂ ಕಲ್ಲಾಗಬೇಕಿತ್ತಲ್ಲ? ಆಗದಿರುವುದು ಕಾವಲುಗಾರರಿಂದ. ಮುಖ್ಯವಾಗಿ ಮೂವರು: ಪೈರೊಫಾಸ್ಫೇಟ್, ಯಕೃತ್ತು ತಯಾರಿಸುವ ಫೆಟ್ಯುಇನ್-ಎ, ಮತ್ತು ನಾಳದ ಗೋಡೆಯಲ್ಲೇ ತಯಾರಾಗುವ ಮ್ಯಾಟ್ರಿಕ್ಸ್ ಗ್ಲಾ ಪ್ರೋಟೀನ್, ಚಿಕ್ಕದಾಗಿ ಎಂಜಿಪಿ. ಎಂಜಿಪಿ ಇಲ್ಲದ ಇಲಿಗಳು ಎರಡು ತಿಂಗಳೊಳಗೆ ಮಹಾಧಮನಿ ಸುಣ್ಣಗಟ್ಟಿ, ಒಡೆದು ಸಾಯುತ್ತವೆ ಎಂದು 1997ರಲ್ಲಿ ತೋರಿಸಲಾಯಿತು. ಅಪಾಯಾಂಶಗಳಲ್ಲಿ ಹಲವು, ಒಂದೋ ಫಾಸ್ಫೇಟ್-ಕ್ಯಾಲ್ಸಿಯಂ ಒತ್ತಡ ಏರಿಸುತ್ತವೆ, ಇಲ್ಲವೇ ಈ ಕಾವಲನ್ನು ಕಳಚುತ್ತವೆ.

ಕಿಡ್ನಿ

ಎಲ್ಲಕ್ಕಿಂತ ಜೋರಾದ ಅಪಾಯಾಂಶ ಇದು. ವಯಸ್ಕರ ರಕ್ತದಲ್ಲಿ ಫಾಸ್ಫರಸ್ ಸುಮಾರು 2.5ರಿಂದ 4.5 ಮಿ.ಗ್ರಾಂ./ಡೆ.ಲೀ. ಇರಬೇಕು. ಕಿಡ್ನಿ ಸೋತಾಗ ಅದು ಹೊರಹೋಗದೆ ಉಳಿಯುತ್ತದೆ. ವಾರಕ್ಕೆ ಮೂರು ಸಲ, ನಾಲ್ಕು ನಾಲ್ಕು ಗಂಟೆ ಡಯಾಲಿಸಿಸ್ ಮಾಡಿದರೂ ಊಟದಿಂದ ಬರುವಷ್ಟನ್ನು ತೆಗೆಯಲು ಸಾಲುವುದಿಲ್ಲ. ಅದಕ್ಕೇ ಊಟದ ಜೊತೆ ಫಾಸ್ಫೇಟ್ ಹಿಡಿಯುವ ಮಾತ್ರೆ ಕೊಡುತ್ತಾರೆ. ತೊಡಕು ಇರುವುದೂ ಇಲ್ಲೇ. ಅಗ್ಗದ ಮಾತ್ರೆಯೆಂದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಅಥವಾ ಅಸಿಟೇಟ್. ಫಾಸ್ಫೇಟ್ ಇಳಿಸಲು ಹೋಗಿ ಕ್ಯಾಲ್ಸಿಯಂ ತುಂಬಿದಂತಾಗುತ್ತದೆ. ಕಿಡ್ನಿ ಚಿಕಿತ್ಸೆಯ ಮಾರ್ಗಸೂಚಿ ಹೊರಡಿಸುವ ಅಂತರರಾಷ್ಟ್ರೀಯ ಸಂಸ್ಥೆ ಕೆಡಿಗೊದ 2017ರ ಮಾರ್ಗಸೂಚಿ ಕ್ಯಾಲ್ಸಿಯಂ ಇರುವ ಇಂಥ ಮಾತ್ರೆಗಳ ಪ್ರಮಾಣವನ್ನು ಮಿತಿಯಲ್ಲಿಡಲು ಹೇಳಿದ್ದು ಇದೇ ಕಾರಣಕ್ಕೆ. ಮಾತ್ರೆಯನ್ನು ಊಟದ ನಡುವೆ ನುಂಗದೆ ಎರಡು ಗಂಟೆ ಬಿಟ್ಟು ನುಂಗಿದರೆ ಫಾಸ್ಫೇಟೂ ಇಳಿಯುವುದಿಲ್ಲ, ಕ್ಯಾಲ್ಸಿಯಂ ಮಾತ್ರ ಮೈಗೆ ಸೇರುತ್ತದೆ.

ಡಯಾಲಿಸಿಸ್ ಮೇಲೆ ಕಳೆದ ವರ್ಷಗಳು ಹೆಚ್ಚಿದಷ್ಟೂ ಸುಣ್ಣ ಹೆಚ್ಚು. ಆದ್ದರಿಂದ ಚಿಕ್ಕ ವಯಸ್ಸಿನವರ ಕಾಲಲ್ಲೂ ಹಳಿಗೆರೆ ಕಂಡರೆ ಆಶ್ಚರ್ಯಪಡಬೇಕಾಗಿಲ್ಲ.

ಸಕ್ಕರೆ ಕಾಯಿಲೆ ಮತ್ತು ನರ

ಎಷ್ಟು ವರ್ಷದಿಂದ ಇದೆ ಎಂಬುದು ಮುಖ್ಯ. ಅದರ ಜೊತೆಗೆ ನರದೌರ್ಬಲ್ಯ ಇದೆಯೇ ಎಂಬುದನ್ನು ಪಟ್ಟಿಯಲ್ಲಿ ಬಹಳ ಜನ ಬರೆಯುವುದಿಲ್ಲ. ಪಾದ ಜೋಮು ಹಿಡಿದವರಲ್ಲಿ ಮಧ್ಯಪದರದ ಸುಣ್ಣ ಎದ್ದು ಕಾಣುವಷ್ಟು ಹೆಚ್ಚು. ನರ ಇದಕ್ಕೆ ಸಂಬಂಧಪಟ್ಟಿದೆ ಎನ್ನಲು ಹಳೆಯ ಶಸ್ತ್ರಚಿಕಿತ್ಸೆಯೊಂದು ಒಳ್ಳೆಯ ಸುಳಿವು: ಕಾಲಿನ ರಕ್ತಸಂಚಾರ ಹೆಚ್ಚಿಸಲೆಂದು ಸೊಂಟದ ಬಳಿಯ ಸಿಂಪಥೆಟಿಕ್ ನರವನ್ನು (ನಾಳವನ್ನು ಬಿಗಿಗೊಳಿಸುವ ನರ) ಕತ್ತರಿಸಿಕೊಂಡಿದ್ದವರಲ್ಲಿ, ಸಕ್ಕರೆ ಕಾಯಿಲೆ ಇಲ್ಲದವರಿಗೂ, ಶಸ್ತ್ರಚಿಕಿತ್ಸೆಯಾದ ಕಡೆಯ ಕಾಲಿನಲ್ಲೇ ಮೊಂಕೆಬೆರ್ಗ್ ಬಗೆಯ ಸುಣ್ಣ ಹೆಚ್ಚಾಗಿ ಕಂಡಿತ್ತು.

ಔಷಧಗಳು

ರಕ್ತ ತೆಳುಮಾಡುವ ವಾರ್ಫರಿನ್, ನಮ್ಮಲ್ಲಿ ಹೆಚ್ಚು ಬರೆಯುವ ಅಸೆನೊಕೌಮರಾಲ್, ಎರಡೂ ವಿಟಮಿನ್ ಕೆ ಕೆಲಸವನ್ನು ತಡೆಯುತ್ತವೆ. ಎಂಜಿಪಿ ಚುರುಕಾಗಲು ಬೇಕಾದದ್ದೂ ವಿಟಮಿನ್ ಕೆ. ಲೆಕ್ಕ ಸರಳ: ಮಾತ್ರೆ ನುಂಗಿದರೆ ಆ ಕಾವಲು ಸಡಿಲವಾಗುತ್ತದೆ. ಆದರೆ ಕೃತಕ ಲೋಹದ ಕವಾಟ ಹಾಕಿಸಿಕೊಂಡವರಿಗೆ ಇವುಗಳ ಬದಲಿಗೆ ಹೊಸ ರಕ್ತ ತೆಳುಮಾಡುವ ಮಾತ್ರೆಗಳನ್ನು ಕೊಡುವಂತಿಲ್ಲ. ಅಪಾಯಾಂಶ ಎಂದು ಬರೆದುಕೊಳ್ಳಿ. ರೋಗಿಗೆ ಮಾತ್ರೆ ನಿಲ್ಲಿಸಿ ಎಂದು ಹೇಳುವ ಕೆಲಸ ನಮ್ಮದಲ್ಲ.

ವಿಟಮಿನ್ ಡಿ 60,000 ಐ.ಯು. ಪುಡಿಯನ್ನು ವಾರಕ್ಕೊಮ್ಮೆ ಎಂದು ಬರೆದಿದ್ದರೆ ದಿನಕ್ಕೊಂದು ಕುಡಿದವರು, ಎಂಟು ವಾರ ಎಂದಿದ್ದನ್ನು ವರ್ಷಗಟ್ಟಲೆ ಮುಂದುವರಿಸಿದವರು ಇದ್ದಾರೆ. ಕ್ಯಾಲ್ಸಿಯಂ ಏರುತ್ತದೆ, ಕಿಡ್ನಿಗೂ ಪೆಟ್ಟು. ಚೀಟಿ ನೋಡುವುದಕ್ಕಿಂತ ಖಾಲಿ ಪೊಟ್ಟಣ ಎಷ್ಟಾಯಿತು ಎಂದು ಕೇಳಿ.

ರಾಗಿಮುದ್ದೆ, ಹಾಲು ಬಿಡಬೇಕೇ ಎಂಬ ಪ್ರಶ್ನೆ ವಾರ್ಡಿನಲ್ಲಿ ಬಂದೇ ಬರುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ. ಕ್ಯಾಲ್ಸಿಯಂ ಇದೆ, ನಿಜ. ಕಿಡ್ನಿ ಸರಿಯಿರುವವರಲ್ಲಿ ಊಟದ ಕ್ಯಾಲ್ಸಿಯಂ ನಾಳಕ್ಕೆ ಹೋಗಿ ಕೂರುವುದಿಲ್ಲ. ಕಿಡ್ನಿ ಕೆಟ್ಟವರಲ್ಲಿ ಹೆಚ್ಚು ಕಾಡುವುದು ಫಾಸ್ಫೇಟ್. ಅದರಲ್ಲೂ ಕೋಲಾ ಪಾನೀಯ, ಸಂಸ್ಕರಿಸಿದ ಮಾಂಸ, ಚೀಸ್‌ಗೆ ಬೆರೆಸುವ ಫಾಸ್ಫೇಟ್ ಹೆಚ್ಚು ಕಡಿಮೆ ಪೂರ್ತಿ ಮೈಗೆ ಸೇರುತ್ತದೆ. ಕಾಳು, ಧಾನ್ಯಗಳಲ್ಲಿ ಅದು ನಮ್ಮ ಕರುಳು ಸುಲಭವಾಗಿ ಒಡೆಯಲಾಗದ ಫೈಟೇಟ್ ರೂಪದಲ್ಲಿರುವುದರಿಂದ ಅಷ್ಟು ಮೈಗೆ ಸೇರುವುದಿಲ್ಲ.

ವಂಶವಾಹಿಯ ಅಪರೂಪದ ಬಗೆಗಳೂ ಇವೆ. ಎನ್‌ಟಿ5ಇ ಜೀನ್ ಕೆಟ್ಟರೆ ಅಡಿನೊಸಿನ್ ಕಡಿಮೆಯಾಗಿ, ಪೈರೊಫಾಸ್ಫೇಟನ್ನು ಒಡೆಯುವ ಕಿಣ್ವದ ಮೇಲಿನ ಹಿಡಿತ ತಪ್ಪುತ್ತದೆ. ಕಾಲಿನ ನಾಳ ಮತ್ತು ಕೈಕಾಲಿನ ಕೀಲುಗಳ ಸುತ್ತ ಸುಣ್ಣ ಕೂರುತ್ತದೆ. 2011ರಲ್ಲಿ ಪತ್ತೆಯಾಯಿತು. ಪರೀಕ್ಷೆಗೆ ಒಂದು ಸಾಲು ಸಾಕು.

ಅಳತೆ ಸುಳ್ಳು ಹೇಳುವ ಜಾಗ

ಕಾಲಿಗೆ ರಕ್ತ ಸರಿಯಾಗಿ ಹರಿಯುತ್ತಿದೆಯೇ ಎಂದು ತಿಳಿಯಲು ಕಣಕಾಲಿನ ರಕ್ತದೊತ್ತಡವನ್ನು ತೋಳಿನದರ ಜೊತೆ ಹೋಲಿಸುತ್ತಾರೆ. ಈ ಕಣಕಾಲು-ತೋಳು ಸೂಚ್ಯಂಕವನ್ನು, ಅಂದರೆ ಎಬಿಐಯನ್ನು, ಹೀಗೆ ತೆಗೆಯಬೇಕು: ರೋಗಿ 5ರಿಂದ 10 ನಿಮಿಷ ಅಂಗಾತ ಮಲಗಿರಲಿ. ಬಿ.ಪಿ. ಕಫ್ ಕಣಕಾಲಿನ ಸ್ವಲ್ಪ ಮೇಲೆ. ಡಾಪ್ಲರ್ (ರಕ್ತದ ಹರಿವನ್ನು ಕೇಳಿಸುವ ಸಾಧನ) ಸದ್ದು ನಿಂತ ಮೇಲೆ ಇನ್ನೂ 20 ಮಿ.ಮೀ. ಏರಿಸಿ, ನಿಧಾನಕ್ಕೆ ಇಳಿಸಿ, ಸದ್ದು ಮರಳಿದ ಅಂಕಿ ಬರೆದುಕೊಳ್ಳಿ. ಪಾದದ ಮೇಲಿನ ಮತ್ತು ಕಣಕಾಲಿನ ಒಳಬದಿಯ ಹಿಂದಿನ ನಾಳಗಳಲ್ಲಿ ಹೆಚ್ಚಿನದನ್ನು, ಎರಡು ತೋಳುಗಳಲ್ಲಿ ಹೆಚ್ಚಿನದರಿಂದ ಭಾಗಿಸಿ. 1.00ರಿಂದ 1.40 ಸಹಜ, 0.90 ಮತ್ತು ಕೆಳಗೆ ಎಂದರೆ ತಡೆ ಇದೆ, 1.40 ಮೀರಿದರೆ ನಾಳ ಒತ್ತಿದರೂ ಮುಚ್ಚದಷ್ಟು ಗಡುಸು.

ತೋಳಿನಲ್ಲಿ 150, ಕಣಕಾಲಿನಲ್ಲಿ 220 ಬಂದರೆ 1.47, ಇಲ್ಲಿ ಸುಣ್ಣ ತಾನೇ ತನ್ನನ್ನು ಹೇಳಿಕೊಂಡಿತು. ನಿಜವಾದ ಅಪಾಯ ಇದಲ್ಲ. ಒಳಗಿನ ಒತ್ತಡ 90ಕ್ಕೆ ಇಳಿದಿದೆ ಎಂದುಕೊಳ್ಳಿ, ಸೂಚ್ಯಂಕ 0.60 ಬರಬೇಕಿತ್ತು. ಗಡುಸಾದ ನಾಳವನ್ನು ಮುಚ್ಚಲು ಕಫ್‌ಗೆ ಇನ್ನೂ 60 ಬೇಕಾಯಿತು. 150ಕ್ಕೆ 150, ಅಂದರೆ 1.00. ವರದಿಯಲ್ಲಿ ‘ಸಹಜ’ ಎಂದು ಬರುತ್ತದೆ, ಕಾಲಿನಲ್ಲಿ ಹುಣ್ಣು ವಾಸಿಯಾಗುವುದಿಲ್ಲ.

ಆದ್ದರಿಂದ ಹಳೆಯ ಸಕ್ಕರೆ ಕಾಯಿಲೆ ಅಥವಾ ಡಯಾಲಿಸಿಸ್ ಇರುವವರಲ್ಲಿ ಕಾಲಿನ ಹೆಬ್ಬೆರಳಿನ ಒತ್ತಡವನ್ನೂ ನೋಡಬೇಕು. ಬೆರಳಿನ ಸಣ್ಣ ನಾಳಗಳಿಗೆ ಈ ಸುಣ್ಣ ಅಷ್ಟಾಗಿ ತಾಗುವುದಿಲ್ಲ. ಮೇಲಿನ ರೋಗಿಯ ಬೆರಳಿನಲ್ಲಿ 48 ಬಂದರೆ 48/150, ಅಂದರೆ 0.32. ಈ ಅಂಕಿ 0.70ಕ್ಕಿಂತ ಕೆಳಗಿದ್ದರೆ ಅಸಹಜ. ಬೆರಳಿನ ಒತ್ತಡ 30ಕ್ಕಿಂತ ಕಡಿಮೆಯಾದರೆ ಕಾಲೇ ಅಪಾಯದಲ್ಲಿದೆ. ಬೆರಳಿನ ಕಫ್ ಇಲ್ಲದ ಕಡೆ ಡಾಪ್ಲರ್ ಅಲೆ ಕೇಳಿ: ಮೂರು ಹಂತದ ಸದ್ದಿನ ಬದಲು ಒಂದೇ ಮಂದ ಅಲೆ ಬಂದರೆ ಎಬಿಐ ಎಷ್ಟೇ ಚೆನ್ನಾಗಿದ್ದರೂ ನಂಬಬೇಡಿ. ಕಾಲನ್ನು ಮೇಲಕ್ಕೆತ್ತುತ್ತಾ ಹೋಗಿ ಪಾದದ ಸದ್ದು ಯಾವ ಎತ್ತರದಲ್ಲಿ ನಿಂತಿತೆಂದು ಹೃದಯದ ಮಟ್ಟದಿಂದ ಅಳೆಯುವುದೂ ಒಂದು ದಾರಿ. ಪ್ರತಿ 13 ಸೆಂ.ಮೀ.ಗೆ ಸುಮಾರು 10 ಮಿ.ಮೀ. ಒತ್ತಡ. ಇದರಲ್ಲಿ ಕಫ್ ಇಲ್ಲ, ಹಾಗಾಗಿ ಗಡುಸುತನ ಮೋಸ ಮಾಡುವುದಿಲ್ಲ.

ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯ ವಿಷಯದಲ್ಲಿ ಒಂದು ಎಚ್ಚರ. ಅದನ್ನು ತೆಗೆದುಕೊಳ್ಳುವವರ ಹೃದಯದ ನಾಳಗಳ ಕ್ಯಾಲ್ಸಿಯಂ ಅಂಕ (ಸುಣ್ಣ ಎಷ್ಟಿದೆ ಎಂದು ಸ್ಕ್ಯಾನ್ ಕೊಡುವ ಅಂಕಿ) ಏರಬಹುದು. ಮೆತ್ತಗಿನ ಪ್ಲಾಕ್ ಗಟ್ಟಿಯಾಗುವುದರಿಂದ ಹಾಗೆ. ಅದೇ ಹೊತ್ತಿನಲ್ಲಿ ಹೃದಯಾಘಾತ ಕಡಿಮೆಯಾಗುತ್ತದೆ. ಅಂಕ ಏರಿದ್ದನ್ನೇ ನೋಡಿ ಮಾತ್ರೆ ನಿಲ್ಲಿಸುವುದು ತಪ್ಪು. ಕೂತ ಸುಣ್ಣವನ್ನು ಕರಗಿಸುತ್ತದೆಂದು ಸಾಬೀತಾದ ಮಾತ್ರೆ ಇಲ್ಲ. ಕಾಲಿಗೆ ಸ್ಟೆಂಟ್ ಹಾಕುವಾಗ ಗಟ್ಟಿ ಸುಣ್ಣ ಬಲೂನಿಗೆ ಬಗ್ಗದೆ ಸ್ಟೆಂಟ್ ಅರ್ಧಕ್ಕೇ ಅರಳಿದಂತಿರುತ್ತದೆ. ಆಘಾತ ತರಂಗದಿಂದ ಮೊದಲು ಬಿರುಕು ಬಿಡಿಸುವ ಬಲೂನುಗಳು ಬಂದಿರುವುದು ಅದಕ್ಕೇ.

ಕೇಸ್ ಬರೆಯುವಾಗ ಧೂಮಪಾನ-ಬಿ.ಪಿ.-ಕೊಲೆಸ್ಟ್ರಾಲ್ ಸಾಲಿನ ಕೆಳಗೆ ಇನ್ನೊಂದು ಸಾಲು ಬಿಟ್ಟುಕೊಳ್ಳಿ: ಸಕ್ಕರೆ ಎಷ್ಟು ವರ್ಷ, ಚಪ್ಪಲಿ ಜಾರಿದರೆ ಗೊತ್ತಾಗುತ್ತದೆಯೇ, ಕ್ರಿಯಾಟಿನಿನ್ ಮತ್ತು ಫಾಸ್ಫರಸ್ ಎಷ್ಟು, ಡಯಾಲಿಸಿಸ್ ಯಾವಾಗಿಂದ, ಕ್ಯಾಲ್ಸಿಯಂ ಮಾತ್ರೆ ಊಟಕ್ಕೆ ಮುಂಚೆಯೋ ಜೊತೆಗೋ, ವಿಟಮಿನ್ ಡಿ ಪುಡಿ ಎಷ್ಟು, ರಕ್ತ ತೆಳುವಾಗುವ ಮಾತ್ರೆ ಯಾವುದು.