ಅಡಿಕೆ ಒಲೆಯ ಹೊಗೆ, ಮಗುವಿನ ಉಬ್ಬಸ

ಅಕ್ಕನ ಮನೆ ತೀರ್ಥಹಳ್ಳಿ ಹತ್ತಿರ. ಮುಂದೆ ತೋಟ, ಹಿಂದೆ ಕಾಡು. ಅವಳ ಮಗನಿಗೆ ಏಳು ವರ್ಷ. ಅಡಿಕೆ ಸುಗ್ಗಿ ಶುರುವಾಯಿತು ಅಂದರೆ ಅವನಿಗೆ ಉಬ್ಬಸವೂ ಶುರುವಾಗುತ್ತದೆ. ಹೋದ ವರ್ಷ ಕಾರ್ತಿಕದಲ್ಲಿ ಒಂದು ರಾತ್ರಿ ನಾನು ಅಲ್ಲೇ ಇದ್ದೆ. ಹುಡುಗ ಮಲಗಲಾರದೆ ಎದ್ದು ಕೂತಿದ್ದ. ಎರಡೂ ಕೈ ಮೊಣಕಾಲಿನ ಮೇಲೆ ಊರಿಕೊಂಡಿದ್ದ. ಉಸಿರೆಳೆದಾಗಲೆಲ್ಲ ಕತ್ತಿನ ಕೆಳಗಿನ ಗುಳಿ ಒಳಕ್ಕೆ ಹೋಗುತ್ತಿತ್ತು, ಬಿಡುವಾಗ ಸುಂಯ್ ಅಂತ ಸದ್ದು. "ಇಷ್ಟು ಒಳ್ಳೆ ಗಾಳಿ ಇರೋ ಊರಲ್ಲಿ ಇವನಿಗ್ಯಾಕೆ ಹೀಗೆ?" ಅಂತ ಅಕ್ಕ ಕೇಳಿದಳು.

ಆ ಹೊತ್ತಿಗೂ ಅಂಗಳದ ಮೂಲೆಯಲ್ಲಿ ಅಡಿಕೆ ಹಂಡೆ ಕುದಿಯುತ್ತಿತ್ತು.

ಕಾಡಿನ ಗಾಳಿ ಒಳ್ಳೆಯದೇ, ಅನುಮಾನವಿಲ್ಲ. ಆದರೆ ಮಗುವಿನ ಮೂಗಿಗೆ ಮೊದಲು ಸಿಗೋದು ಅಂಗಳದ ಗಾಳಿ, ಬಚ್ಚಲ ಗಾಳಿ. ಬಚ್ಚಲ ಒಲೆ ನಮ್ಮಲ್ಲಿ ವರ್ಷವಿಡೀ ಉರಿಯುತ್ತದೆ. ಸೌದೆ ಹಸಿ ಇದ್ದರೆ ಬೆಂಕಿಯ ಶಾಖವೆಲ್ಲ ಮೊದಲು ಅದರೊಳಗಿನ ನೀರನ್ನು ಆವಿ ಮಾಡೋದಕ್ಕೇ ಖರ್ಚಾಗುತ್ತದೆ. ಉರಿ ಏಳುವುದಿಲ್ಲ, ಸೌದೆ ಪೂರ್ತಿ ಸುಡುವುದಿಲ್ಲ, ಹೊಗೆ ಜಾಸ್ತಿ. ಸುಗ್ಗಿಯಲ್ಲಿ ಇದರ ಜೊತೆ ಅಡಿಕೆ ಬೇಯಿಸುವ ಒಲೆ. ಆಮೇಲೆ ರಸ್ತೆ ಬದಿ ರಾಶಿ ಹಾಕಿದ ಅಡಿಕೆ ಸಿಪ್ಪೆಗೆ ಯಾರೋ ಬೆಂಕಿ ಇಡುತ್ತಾರೆ. ಅದು ಧಗ್ಗನೆ ಉರಿದು ಮುಗಿಯುವುದಿಲ್ಲ, ದಿನಗಟ್ಟಲೆ ಒಳಗೊಳಗೇ ಹೊಗೆಯಾಡುತ್ತದೆ. ಚಳಿಗಾಲದ ರಾತ್ರಿ ತಂಪು ಗಾಳಿ ಕಣಿವೆಯ ತಳದಲ್ಲಿ ಕೂರುತ್ತದೆ. ಅದರ ಮೇಲೆ ಬೆಚ್ಚಗಿನ ಗಾಳಿ ಮುಚ್ಚಳದ ಹಾಗೆ ನಿಲ್ಲುತ್ತದೆ. ಹೊಗೆ ಮೇಲೆ ಹೋಗಲು ದಾರಿಯಿಲ್ಲ. ಬೆಳಗ್ಗೆ ನಾವು ಇಬ್ಬನಿ ಅಂತ ಖುಷಿಪಟ್ಟು ನೋಡುವುದರಲ್ಲಿ ಎಷ್ಟೋ ಪಾಲು ಹೊಗೆಯೇ ಇರುತ್ತದೆ.

ಈ ಹೊಗೆಯಲ್ಲಿ ಕಣ್ಣು ಉರಿಸುವ ಭಾಗಕ್ಕಿಂತ ಕಣ್ಣಿಗೆ ಕಾಣದ ಭಾಗ ಕೆಟ್ಟದ್ದು. 2.5 ಮೈಕ್ರೋಮೀಟರಿಗಿಂತ ಸಣ್ಣ ಕಣಗಳು, ಅಂದರೆ ತಲೆಗೂದಲಿನ ದಪ್ಪದ ಸುಮಾರು ಮೂವತ್ತನೇ ಒಂದು ಪಾಲು. ಮೂಗಿನ ಕೂದಲು, ಗಂಟಲಿನ ಕಫ ಯಾವುದೂ ಇವನ್ನು ಪೂರ್ತಿ ತಡೆಯಲಾರವು. ಸೀದಾ ಶ್ವಾಸಕೋಶದ ತುದಿಯವರೆಗೆ ಇಳಿಯುತ್ತವೆ. ಒಂದು ಘನ ಮೀಟರ್ ಗಾಳಿಯಲ್ಲಿ ಇವು ವರ್ಷದ ಸರಾಸರಿ 5 ಮೈಕ್ರೋಗ್ರಾಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ನಮ್ಮ ದೇಶದ ಮಿತಿ 40.

ಉಬ್ಬಸ ಇರುವ ಮಗುವಿನ ಶ್ವಾಸನಾಳ ಮೊದಲೇ ಮುನಿಸಿಕೊಂಡಿರುತ್ತದೆ. ಹೊಗೆ ತಾಗಿದ ಕೂಡಲೇ ಒಳಗೋಡೆ ಊದುತ್ತದೆ, ಸುತ್ತಲಿನ ಸ್ನಾಯು ಬಿಗಿಯುತ್ತದೆ, ಕಫ ತುಂಬುತ್ತದೆ. ನಳಿಕೆಯ ಅಗಲ ಅರ್ಧಕ್ಕಿಳಿದರೆ ಗಾಳಿಗೆ ಅಡ್ಡಿ ಎರಡು ಪಟ್ಟಾಗುತ್ತದೆ ಅಂತ ನಮಗನಿಸುತ್ತದೆ, ಅಲ್ವಾ? ಭೌತಶಾಸ್ತ್ರದ ಲೆಕ್ಕದಲ್ಲಿ ಅದು 16 ಪಟ್ಟು. ಮಕ್ಕಳ ನಳಿಕೆ ಮೊದಲೇ ಸಣ್ಣದು. ಮೇಲಾಗಿ ಅವರು ಉಸಿರಾಡುವುದು ನಮಗಿಂತ ಬೇಗ ಬೇಗ. ಸುಮ್ನೆ ಕೂತ ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡಿದರೆ, ಮೂರು ವರ್ಷದ ಮಗು 20ರಿಂದ 30 ಸಲ. ಮೈತೂಕಕ್ಕೆ ಹೋಲಿಸಿದರೆ ಹೊಗೆಯ ಪಾಲು ಅವರಿಗೇ ಹೆಚ್ಚು.

ಬೆಂಗಳೂರಿನ ಮಕ್ಕಳ ವೈದ್ಯ ಡಾ. ಎಚ್. ಪರಮೇಶ್ ತಮ್ಮ ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕ ಇಟ್ಟಿದ್ದರು. 1979ರಲ್ಲಿ ಅವರಲ್ಲಿ ಶೇ. 9 ಮಕ್ಕಳಿಗೆ ಅಸ್ತಮಾ ಇತ್ತು, 1999ರಲ್ಲಿ ಶೇ. 29.5. ಅದು ವಾಹನಗಳ ಊರು, ನಮಗೇನು ಅನ್ನಬಹುದು. ಆದರೆ ಶ್ವಾಸನಾಳಕ್ಕೆ ಡೀಸೆಲ್ ಹೊಗೆಯೂ ಆಗದು, ಸೌದೆ ಹೊಗೆಯೂ ಆಗದು. ಮನೆತನದಿಂದ ಬರುವ ಗುಣ, ನೆಗಡಿ ವೈರಸ್ಸು, ಮಳೆಗಾಲದ ಗೋಡೆಯ ಬೂಷ್ಟು ಇವೂ ಕಾರಣಗಳೇ. ಹೊಗೆ ಇವುಗಳ ಜೊತೆ ಸೇರಿ ಉಬ್ಬಸವನ್ನು ಇನ್ನಷ್ಟು ಕೆರಳಿಸುತ್ತದೆ.

ನನಗೆ ಧೈರ್ಯ ಕೊಟ್ಟಿದ್ದು ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದ ಸುದ್ದಿ. ಅಲ್ಲಿ 1990ರ ದಶಕದಿಂದ ಸಾವಿರಾರು ಶಾಲಾ ಮಕ್ಕಳ ಶ್ವಾಸಕೋಶವನ್ನು ವರ್ಷವರ್ಷ ಅಳೆದರು. ಗಾಳಿ ಶುದ್ಧವಾದ ಕಾಲದಲ್ಲಿ ಬೆಳೆದ ಮಕ್ಕಳ ಶ್ವಾಸಕೋಶ, ಅವರಿಗಿಂತ ಮೊದಲಿನವರದ್ದಕ್ಕಿಂತ ಚೆನ್ನಾಗಿ ಬೆಳೆದಿತ್ತು. ಉಬ್ಬಸ ಇದ್ದ ಮಕ್ಕಳಲ್ಲೂ ಅಷ್ಟೇ.

ಈ ಸಲ ಅಕ್ಕನ ಮನೆಯಲ್ಲಿ ಹಂಡೆ ಒಲೆ ಕೊಟ್ಟಿಗೆಯ ಆಚೆ ಹೋಗಿದೆ. ಬಚ್ಚಲಿಗೆ ಹೊಗೆ ಕೊಳವೆ ಬಂದಿದೆ. ಸೌದೆಯನ್ನು ಬೇಸಿಗೆಯಲ್ಲೇ ಒಣಗಿಸಿ ಮಾಡಿನ ಕೆಳಗೆ ಪೇರಿಸಿದ್ದಾರೆ. ಡಾಕ್ಟರು ಹೇಳಿದ ಇನ್ಹೇಲರ್ ಸುಗ್ಗಿಗೆ ಮೊದಲೇ ಶುರುವಾಗಿದೆ. "ಅದು ಚಟ ಆಗುತ್ತೆ" ಅಂತ ಅತ್ತೆ ಹೆದರಿದ್ದರು. ಚಟ ಆಗುವುದಿಲ್ಲ. ಮೈಕ್ರೋಗ್ರಾಂ ಲೆಕ್ಕದ ಔಷಧಿ ಅದು, ಬೇಕಾದ ಜಾಗಕ್ಕೇ ಹೋಗುತ್ತದೆ. ಸಿಪ್ಪೆ ಸುಡದೆ ಕೊಳೆಸಿ ಮರದ ಬುಡಕ್ಕೆ ಹಾಕಲು ಭಾವನೂ ಒಪ್ಪಿದ್ದಾರೆ. ಪಕ್ಕದ ಮನೆಯವರು ಇನ್ನೂ ಒಪ್ಪಿಲ್ಲ. ಸಂಜೆ ಗಾಳಿ ಬೀಸೋದು ಆ ಕಡೆಯಿಂದಲೇ. ಭಾನುವಾರ ಅವರ ಜಗಲಿಯಲ್ಲಿ ಕೂತು ಮಾತಾಡಿ ಬರೋಣ ಅಂತಿದ್ದೇವೆ, ಹುಡುಗನನ್ನೂ ಕರೆದುಕೊಂಡು.