ಹಲ್ಲಿನೊಳಗಿನ ಗೂಟ ಗಟ್ಟಿಯಿದ್ರೆ ಸಾಕಾ?

"ಡಾಕ್ಟ್ರೇ, ಒಳಗೆ ಸ್ಟೀಲ್‌ದೇ ಹಾಕ್ಬಿಡಿ, ಗಟ್ಟಿ ಇರ್ಲಿ." ಮುಂದಿನ ಹಲ್ಲು ಮುರ್ಕೊಂಡು ಬಂದು ರೂಟ್ ಕೆನಾಲ್ ಮಾಡಿಸ್ಕೊಂಡೋರಿಗೆ ಬೇರೊಳಗೆ ಪೋಸ್ಟ್ ಅನ್ನೋ ಗೂಟ ಹಾಕ್ಬೇಕು ಅಂದ ತಕ್ಷಣ ಸುಮಾರು ಜನ ಹೇಳೋ ಮಾತಿದು. ಮೇಲಿನ ಹಲ್ಲು ಕೀಳಿಸಿದ್ರೆ ಕಣ್ಣು ಮಂಜಾಗುತ್ತೆ ಅನ್ನೋ ಮೂಢನಂಬಿಕೆ ಬಗ್ಗೆ ಎಷ್ಟು ಹೇಳಿದ್ರೂ ಸಾಲದು, ಆದ್ರೆ ಈ "ಗಟ್ಟಿ" ಅನ್ನೋ ನಂಬಿಕೆ ಅದಕ್ಕಿಂತ ಹೆಚ್ಚು ಹಲ್ಲು ಹಾಳು ಮಾಡಿದೆ ಅಂತ ನನಗನ್ಸುತ್ತೆ.

ಪೋಸ್ಟ್ ಹಲ್ಲನ್ನ ಬಲ ಮಾಡಲ್ಲ. ಮುರಿದು ಹೋದ ಮೇಲ್ಭಾಗದ ಜಾಗದಲ್ಲಿ ಕಟ್ಟೋ ಕೋರ್ (ಅದರ ಮೇಲೇ ಕ್ಯಾಪ್ ಕೂರೋದು) ಬೇರಿನ ಜೊತೆ ಹಿಡ್ಕೊಂಡಿರಲಿ ಅಂತ ಹಾಕೋ ಗೂಟ ಅದು, ಅಷ್ಟೇ. ನರ ತೆಗೆದ್ರೆ ಹಲ್ಲು ಒಣಗಿ ಪುಡಿಪುಡಿ ಆಗುತ್ತೆ ಅನ್ನೋದೂ ಸರಿಯಿಲ್ಲ. 1989ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕಿತ್ತ ಹಲ್ಲುಗಳನ್ನ ತಗೊಂಡು ಒಂದೊಂದೇ ಹಂತ ಕೊರೆದು ಅಳೆದ್ರು, ರೂಟ್ ಕೆನಾಲ್‌ಗೆ ಅಂತ ತೂತು ಮಾಡಿದ್ದರಿಂದ ಹಲ್ಲಿನ ಬಿಗಿ ಕಮ್ಮಿ ಆಗಿದ್ದು ಬರೀ ಸುಮಾರು ಶೇಕಡಾ 5, ಅದೇ ಎರಡೂ ಪಕ್ಕದ ಗೋಡೆ ಹೋಗೋ ಹಾಗೆ ಕೊರೆದಾಗ ಶೇಕಡಾ 63! ಅಂದ್ರೆ ಹಲ್ಲು ಸೋಲೋದು ನರ ಹೋಯ್ತು ಅಂತಲ್ಲ, ಹಲ್ಲೇ ಹೋಯ್ತು ಅಂತ.

ಈಗ ಸ್ಟೀಲ್ ವಿಷಯಕ್ಕೆ ಬರೋಣ. ಬೇರಿನ ಡೆಂಟಿನ್, ಅಂದ್ರೆ ಹಲ್ಲಿನ ಒಳಗಿನ ಗಟ್ಟಿ ಭಾಗ, ಬಾಗದೆ ಎಷ್ಟು ಬಿಗಿಯಾಗಿ ನಿಲ್ಲುತ್ತೆ ಅನ್ನೋ ಅಳತೆ ಸುಮಾರು 18 ಗಿಗಾಪ್ಯಾಸ್ಕಲ್, ಸ್ಟೀಲ್‌ದು ಸುಮಾರು 200, ಅಂದ್ರೆ ಹತ್ತು ಪಟ್ಟಿಗೂ ಹೆಚ್ಚು ಬಿಗಿ. ನೀವು ಚಕ್ಕುಲಿ ಕಚ್ಚಿದಾಗ ಬೇರು ಕೂದಲೆಳೆಯಷ್ಟು ಬಾಗುತ್ತೆ, ಒಳಗಿರೋ ಸ್ಟೀಲ್ ಬಾಗಲ್ಲ, ಹಾಗಾಗಿ ಅದರ ತುದಿ ಇರೋ ಕಡೆ ಎಲ್ಲಾ ಒತ್ತಡ ಬಂದು ಕೂರುತ್ತೆ. ಹಸಿ ಬಿದಿರಿನೊಳಗೆ ಕಬ್ಬಿಣದ ಸರಳು ತೂರಿಸಿ ಬಗ್ಗಿಸಿ ನೋಡಿ, ಸರಳು ಮುಗಿಯೋ ಜಾಗದಲ್ಲೇ ಬಿದಿರು ಸೀಳುತ್ತೆ. ಹಂಪಿಯಲ್ಲಿ ಬಂಡೆಗಳ ಮೇಲೆ ಸಾಲಾಗಿ ಕುಳಿಗಳ ಗುರುತು ನೋಡಿರ್ತೀರಿ, ಬೆಣೆ ಹೊಡೆದು ಕಲ್ಲು ಸೀಳಿದ ಗುರುತು ಅದು, ಬೇರೊಳಗೆ ಚೂಪಾಗಿ ಇಳಿಯೋ ಗಡಸು ಪೋಸ್ಟ್ ಕೂಡ ದಿನಾ ಮೂರು ಹೊತ್ತು ಊಟದಲ್ಲಿ ಅದೇ ಬೆಣೆ ಕೆಲಸ ಮಾಡ್ತಿರುತ್ತೆ. ನನ್ನ ಡ್ರಾಯರ್‌ನಲ್ಲಿ ಅಂಥ ಒಂದು ಬೇರು ಇಟ್ಕೊಂಡಿದೀನಿ. ಪೋಸ್ಟ್ ಒಂಚೂರೂ ಸವೆದಿಲ್ಲ, ಈಗಲೂ ಹೊಳೀತಾ ಇದೆ, ಬೇರು ಮಾತ್ರ ಮೇಲಿಂದ ಕೆಳಗೆ ಕಂದು ಗೆರೆ ಬಿದ್ದು ಎರಡು ಹೋಳು. ಸ್ಟೀಲೇ ಬೇಕು ಅನ್ನೋರ ಕೈಗೆ ಅದನ್ನೇ ಕೊಡ್ತೀನಿ.

ಇದು ಹಳೇ ಕಥೆ. 1728ರಲ್ಲಿ ಪ್ಯಾರಿಸ್‌ನ ಪಿಯರ್ ಫೋಶಾರ್ ತಮ್ಮ ಪುಸ್ತಕದಲ್ಲಿ ಬೇರಿನೊಳಗೆ ಚಿನ್ನ ಬೆಳ್ಳಿಯ ಗೂಟ ಕೂರಿಸೋದನ್ನ ಬರೆದಿದ್ರು, ಅಂಟಿಗೆ ಬಿಸಿ ಮಾಡಿದ್ರೆ ಮೆತ್ತಗಾಗೋ ಮ್ಯಾಸ್ಟಿಕ್. ಮರದ ಗೂಟಾನೂ ಹಾಕ್ತಿದ್ರು, ಅದು ಎಂಜಲು ಹೀರಿ ಊದಿಕೊಂಡು ಬಿಗಿಯಾಗಿ ಕೂರ್ತಿತ್ತು, ಹಾಗೇ ಬೇರನ್ನೂ ಸೀಳ್ತಿತ್ತು. ಆಮೇಲೆ ಬಾಗೋ ಗುಣ ಇರೋ ಫೈಬರ್ ಪೋಸ್ಟ್ ಬಂತು, 1990ರ ಹೊತ್ತಿಗೆ, ಫ್ರಾನ್ಸ್‌ನ ಫ್ರಾಂಸ್ವಾ ದ್ಯೂರೆ ಮತ್ತವರ ಜೊತೆಗಾರರಿಂದ. ನನಗೆ ಬಹಳ ಖುಷಿ ಕೊಡೋ ಸಂಗತಿ ಅಂದ್ರೆ, 1970ರ ದಶಕದ ಶುರುವಲ್ಲೇ ಹಲ್ಲಿನ ಅಚ್ಚನ್ನ ಬೆಳಕಿನಿಂದ ತಗೊಂಡು ಮಷೀನಲ್ಲಿ ಕೆತ್ತಬಹುದು ಅಂತ ಯೋಚಿಸಿದ್ದೂ ಇದೇ ದ್ಯೂರೆ. ಆ ಎರಡು ದಾರಿ ಈಗ ಬಂದು ಸೇರಿರೋದು ಡಿಜಿಟಲ್ ಪೋಸ್ಟ್‌ನಲ್ಲಿ, ಅಂದ್ರೆ ಕಂಪ್ಯೂಟರ್ ಅಳತೆ ಹಿಡಿದು ಮಷೀನ್ ಕೆತ್ತೋ ಫೈಬರ್ ಪೋಸ್ಟ್‌ನಲ್ಲಿ. ಮೊದಲಿನ ಕಾರ್ಬನ್ ಫೈಬರ್ ಕಪ್ಪಗಿತ್ತು, ಬೆಳಕು ಹಾಯೋ ಗಾಜಿನ ನಾರಿನ ಪೋಸ್ಟ್ ಆಮೇಲೆ ಬಂತು.

ರೆಡಿಮೇಡ್ ಪೋಸ್ಟ್ ದುಂಡಗಿರುತ್ತೆ, ಬೇರಿನ ಕಾಲುವೆ ಎಷ್ಟೋ ಸಲ ಮೊಟ್ಟೆಯಾಕಾರ. ದುಂಡನೆ ಗೂಟ ಕೂರಬೇಕು ಅಂದ್ರೆ ಒಳ್ಳೇ ಡೆಂಟಿನ್ ಕೊರೀಬೇಕು, ಇಲ್ಲಾ ಪಕ್ಕದ ಸಂದಿಗೆ ಸಿಮೆಂಟ್ ತುಂಬ್ಬೇಕು. ರೆಸಿನ್ ಸಿಮೆಂಟ್ ಗಟ್ಟಿಯಾಗ್ತಾ ಕುಗ್ಗುತ್ತೆ, ಸುತ್ತ ಗೋಡೆ ಇರೋ ಕೊಳವೆಯಲ್ಲಿ ಅದಕ್ಕೆ ಸರಿದಾಡೋಕೆ ಜಾಗ ಇಲ್ಲ, ಹಾಗಾಗಿ ಗೋಡೆಯಿಂದಲೇ ಬಿಟ್ಕೊಳ್ಳುತ್ತೆ, ಬೇಸಿಗೇಲಿ ಕೆರೆಯ ಮಣ್ಣು ಒಣಗಿ ಬಾಯಿ ಬಿಡುತ್ತಲ್ಲ ಹಾಗೆ. ಫೈಬರ್ ಪೋಸ್ಟ್ ಹೆಚ್ಚಾಗಿ ಸೋಲೋದೇ ಹೀಗೆ ಸಡಿಲವಾಗಿ. ಡಿಜಿಟಲ್‌ನಲ್ಲಿ ಕಾಲುವೆಯ ಆಕಾರವನ್ನೇ ಕಂಪ್ಯೂಟರಿಗೆ ಕೊಡ್ತೀವಿ (ಕಿರಿದಾದ ಆಳಕ್ಕೆ ಸ್ಕ್ಯಾನರ್ ಬೆಳಕು ಸರಿಯಾಗಿ ಇಳಿಯಲ್ಲ, ಆಗ ಅಚ್ಚು ತೆಗೆದು ಆ ಅಚ್ಚನ್ನೇ ಸ್ಕ್ಯಾನ್ ಮಾಡೋದು), ಫೈಬರ್ ಬ್ಲಾಕ್‌ನಿಂದ ಪೋಸ್ಟ್ ಮತ್ತು ಕೋರ್ ಒಂದೇ ತುಂಡಾಗಿ ಕೆತ್ತಿ ಬರುತ್ತೆ. ಟೈಲರ್ ಮೈ ಅಳತೆ ತಗೊಂಡು ಹೊಲಿದ ಅಂಗಿ ಥರ ಅದು ಕೂರುತ್ತೆ, ಸಿಮೆಂಟ್ ತೆಳ್ಳಗಿನ ಪದರ ಸಾಕು.

ಫೈಬರ್ ಪೋಸ್ಟ್ ಹಾಕಿದ್ರೆ ಹಲ್ಲು ಚಂದ ಕಾಣುತ್ತೆ ಅನ್ನೋ ಮಾತೂ ಸುಳ್ಳಲ್ಲ. ಲೋಹದ ಪೋಸ್ಟ್ ಇದ್ರೆ ಬೆಳಕು ಹಾಯೋ ಸೆರಾಮಿಕ್ ಕ್ಯಾಪ್‌ನೊಳಗಿಂದ ಬೂದು ಛಾಯೆ ಇಣುಕುತ್ತೆ, ವಸಡಿನಂಚಲ್ಲಂತೂ ಎದ್ದು ಕಾಣುತ್ತೆ. ಅದಕ್ಕೇ ಕೆಲವರು ಜಿರ್ಕೋನಿಯಾ ಅನ್ನೋ ಗಡಸು ಸೆರಾಮಿಕ್‌ನ ಪೋಸ್ಟ್ ಕೇಳ್ತಾರೆ, ಬೆಳ್ಳಗಿದೆಯಲ್ಲ ಅಂತ. ಆದ್ರೆ ಅದೂ ಸುಮಾರು 200 ಗಿಗಾಪ್ಯಾಸ್ಕಲ್‌ನದ್ದೇ, ಬಣ್ಣ ಬದಲಾದ ಬೆಣೆ, ಒಳಗೆ ಮುರಿದ್ರೆ ತೆಗೆಯೋದಂತೂ ಬಹಳ ಕಷ್ಟ. ನಾನು ಹಾಕಲ್ಲ.

ಇಷ್ಟೆಲ್ಲಾ ಇದ್ರೂ ವಸಡಿನ ಮೇಲೆ ಸುತ್ತಲೂ ಸುಮಾರು 2 ಮಿ.ಮೀ. ಸ್ವಂತ ಹಲ್ಲು ಉಳಿದಿರಬೇಕು, ಕ್ಯಾಪ್ ಅದನ್ನ ತಬ್ಬಿ ಹಿಡೀಬೇಕು. ಉಳಿಯ ಮರದ ಹಿಡಿ ಸೀಳದಿರಲಿ ಅಂತ ಬಡಗಿ ಬಳೆ ಹಾಕ್ತಾನಲ್ಲ, ಅದೇ ಕೆಲಸ. ಅಷ್ಟು ಹಲ್ಲೇ ಉಳಿದಿಲ್ಲ ಅಂದ್ರೆ ಸ್ಕ್ಯಾನರ್ ಪಕ್ಕಕ್ಕಿಟ್ಟು ಮೊದಲು ತಂತಿ ಕಟ್ಟಿ ಬೇರನ್ನ ಕೆಲವು ವಾರ ನಿಧಾನಕ್ಕೆ ವಸಡಿನಿಂದ ಹೊರಕ್ಕೆ ಎಳೀತೀವಿ, ಆ 2 ಮಿ.ಮೀ. ಸಿಕ್ಕಿದ ಮೇಲೇನೇ ಪೋಸ್ಟ್ ಮಾತು.